ಆರು ಪೊಟ್ಟಣದ ಹುಳಗಳು

ಎಂಬತ್ತರ ದಶಕದ ನಡುವಿನ ಮೂರ್ನಾಲ್ಕು ವರ್ಷ ನಾನು ರೇಷ್ಮೆ ಹುಳದ ರಕ್ತ ನೋಡುತ್ತಾ ಕಳೆದೆ. ಮನೆ ವಿಜಯನಗರದ ಪಕ್ಕದ ಆರ್‌ಪಿಸಿ ಲೇಔಟ್‌ನಲ್ಲಿತ್ತು. ಅಪ್ಪ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಬೆಳಿಗ್ಗೆ ಅವರು ಶಿಫ್ಟಿಗೆ ಹೋದ ಮೇಲೆ ನಾನು ದೀಪಾಂಜಲಿ ನಗರದ ಕಡೆಯಿಂದ ಮೈಸೂರು ರಸ್ತೆಗೆ ನಡೆದು ಕೆಂಗೇರಿ ಬಸ್ಸು ಹತ್ತುತ್ತಿದ್ದೆ. ಕೆಂಗೇರಿಗೆ ಸ್ವಲ್ಪ ಮೊದಲೇ ಇಳಿದರೆ ನಮ್ಮ ಪ್ರಯೋಗಾಲಯ. ನಾನು ಏನು ಓದುತ್ತಿದ್ದೇನೆ ಅಂತ ಅಕ್ಕಪಕ್ಕದವರು ಕೇಳಿದರೆ ಅಮ್ಮ "ಹುಳಕ್ಕೆ ಕಾಯಿಲೆ ಬಂದ್ರೆ ನೋಡ್ತಾಳೆ" ಅನ್ನುತ್ತಿದ್ದಳು. ನನ್ನ ಪಿಎಚ್‌ಡಿಯನ್ನು ಅದಕ್ಕಿಂತ ಚಿಕ್ಕದಾಗಿ ಹೇಳಲು ನನಗೂ ಬರುತ್ತಿರಲಿಲ್ಲ.

ಕಾಯಿಲೆಯ ಹೆಸರು ಹಾಲುತೊಂಡೆ. ಅದು ವೈರಸ್ಸಿನಿಂದ ಬರುತ್ತದೆ. ತಗುಲಿದ ಹುಳ ಊದಿಕೊಂಡು, ಚರ್ಮ ಮಿರಮಿರ ಹೊಳೆದು, ತಟ್ಟೆಯ ಅಂಚಿನಲ್ಲಿ ಗೊತ್ತುಗುರಿ ಇಲ್ಲದೆ ಸುತ್ತಾಡುತ್ತದೆ. ಮುಟ್ಟಿದರೆ ಒಡೆದು ಹಾಲಿನಂಥ ರಸ ಸುರಿಯುತ್ತದೆ. ಆ ರಸ ಬಿದ್ದ ಸೊಪ್ಪು ತಿಂದ ಹುಳಗಳಿಗೂ ಅದೇ ಗತಿ. ಕಣ್ಣಿಗೆ ಕಾಣುವ ಹೊತ್ತಿಗೆ ಕಾಯಿಲೆ ಕೈಮೀರಿರುತ್ತದೆ. ಅದಕ್ಕೂ ಮೊದಲೇ, ಹುಳ ಇನ್ನೂ ಚೆನ್ನಾಗಿ ಸೊಪ್ಪು ತಿನ್ನುತ್ತಿರುವಾಗಲೇ, ಅದರ ಜೀವಕೋಶದೊಳಗೆ ವೈರಸ್ಸಿನ ಪ್ರೋಟೀನು ಎಲ್ಲಿ ಸೇರಿಕೊಂಡಿದೆ ಅಂತ ತೋರಿಸುವುದು ನನ್ನ ಕೆಲಸವಾಗಿತ್ತು.

ತೋರಿಸುವ ಬಗೆ ಹೀಗೆ. ಕಾಯಿಲೆ ಹುಳಗಳಿಂದ ವೈರಸ್ಸನ್ನು ಬೇರ್ಪಡಿಸಿ, ಅದನ್ನು ಕೊಂದು, ಒಂದು ಮೊಲಕ್ಕೆ ಚುಚ್ಚುತ್ತಿದ್ದೆವು. ಕೆಲವು ವಾರದಲ್ಲಿ ಮೊಲದ ರಕ್ತದಲ್ಲಿ ಆ ಪ್ರೋಟೀನನ್ನು ಗುರುತು ಹಿಡಿದು ಅಂಟಿಕೊಳ್ಳುವ ಆಂಟಿಬಾಡಿಗಳು ಹುಟ್ಟುತ್ತವೆ. ಹುಳದ ರಕ್ತದ ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ಸವರಿ ಒಣಗಿಸಿ, ಮೇಲೆ ಈ ಮೊಲದ ರಕ್ತದ ತಿಳಿ, ಅಂದರೆ ಸೀರಮ್ ಹಾಕಿ ಒಂದು ಗಂಟೆ ಬಿಟ್ಟು ತೊಳೆಯಬೇಕು. ಪ್ರೋಟೀನು ಇದ್ದ ಕಡೆ ಮಾತ್ರ ಮೊಲದ ಆಂಟಿಬಾಡಿ ಉಳಿಯುತ್ತದೆ. ಆದರೆ ಅದು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಮೊಲದ ಆಂಟಿಬಾಡಿಯನ್ನೇ ಹಿಡಿಯುವ ಇನ್ನೊಂದು ಆಂಟಿಬಾಡಿ, ಅದಕ್ಕೆ ಮೊದಲೇ ಬಣ್ಣ ಕಟ್ಟಿರುತ್ತಾರೆ, ಅದನ್ನು ಹಾಕಬೇಕು. ಇದು ಹೊರದೇಶದಿಂದ ಹೆಬ್ಬೆರಳಿನಷ್ಟು ಸೀಸೆಯಲ್ಲಿ ಬರುತ್ತಿತ್ತು. ನೀಲಿ ಬೆಳಕು ಬಿಟ್ಟು ನೋಡಿದರೆ ಆ ಬಣ್ಣ ಹಸಿರಾಗಿ ಹೊಳೆಯುತ್ತದೆ. ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಪ್ರೋಟೀನು ಇರುವ ಜಾಗವಷ್ಟೇ ಹಸಿರು, ಉಳಿದದ್ದೆಲ್ಲ ಕಪ್ಪು ಇರಬೇಕು.

ಮೊದಲ ಸಲ ನೋಡಿದಾಗ ನನಗೆ ಖುಷಿಯಾಯಿತು. ಕೋಶಗಳೆಲ್ಲ ಹಸಿರು ದೀಪದಂತೆ ಹೊತ್ತಿಕೊಂಡಿದ್ದವು. ನನ್ನ ಗೈಡ್ ಆಗಿದ್ದ ಸಾರ್ ಬಂದು ನೋಡಿ, "ಚೆನ್ನಾಗಿ ಬಂದಿದೆ ಕಣಮ್ಮ" ಅಂದರು. ಅವರು ಹೊಗಳುವುದು ಅಪರೂಪ. ಫೋಟೋ ತೆಗೆಸಿದೆವು. ಒಂದು ಸಮ್ಮೇಳನಕ್ಕೆ ಅದರ ಸಾರಾಂಶವನ್ನೂ ಬರೆದು ಕಳಿಸಿದರು.

ಕಾಯಿಲೆ ಇಲ್ಲದ ಹುಳದ ರಕ್ತವನ್ನೂ ಜೊತೆಯಲ್ಲೇ ನೋಡಬೇಕಿತ್ತು. ನೋಡಿರಲಿಲ್ಲ. ನಮ್ಮಲ್ಲಿ ಸಾಕಿದ ಹುಳಗಳಿಗೆಲ್ಲ ಒಂದಲ್ಲ ಒಂದು ಸೋಂಕು ಇರುತ್ತಿತ್ತು, ಆಮೇಲೆ ಮಾಡಿದರಾಯಿತು ಅಂದುಕೊಂಡು ಮುಂದೂಡಿದ್ದೆ. ಎರಡು ವಾರದ ಮೇಲೆ ಬೇರೆ ಕಡೆಯಿಂದ ತಂದಿದ್ದ ನಾಲ್ಕು ಒಳ್ಳೆಯ ಹುಳ ಸಿಕ್ಕವು. ಅವುಗಳ ರಕ್ತವನ್ನು ಅದೇ ರೀತಿ ಸವರಿ, ತೊಳೆದು, ನೋಡಿದೆ. ಅವೂ ಹಸಿರಾಗಿ ಹೊಳೆಯುತ್ತಿದ್ದವು. ಮೇಲಿನಿಂದ ಕೆಳಗಿನ ತನಕ ಎಲ್ಲ ಕೋಶಗಳೂ ಹಾಗೇ ಇದ್ದವು.

ಸಾರ್ ಕೋಣೆಗೆ ಹೋಗಿ ಹೇಳುವುದಕ್ಕೆ ನನಗೆ ಒಂದು ದಿನ ಹಿಡಿಯಿತು. ಅವರು ಬಂದು ಸ್ಲೈಡು ನೋಡಿದರು, ತುಂಬ ಹೊತ್ತು ಕಣ್ಣು ತೆಗೆಯಲಿಲ್ಲ.

"ನಾವು ಮೊಲಕ್ಕೆ ಕೊಟ್ಟಿದ್ದು ಬರೀ ವೈರಸ್ ಅಲ್ಲ," ಅಂದರು ಕೊನೆಗೆ. "ವೈರಸ್ ಜೊತೆ ಹುಳದ ಪ್ರೋಟೀನೂ ಹೋಗಿದೆ. ಮೊಲ ಎರಡಕ್ಕೂ ಆಂಟಿಬಾಡಿ ಮಾಡಿದೆ. ನಾವು ನೋಡಿ ಹಿಗ್ಗಿದ್ದು ಹುಳಾನೇ."

"ಸಮ್ಮೇಳನಕ್ಕೆ ಕಳಿಸಿದ್ದು ಸಾರ್?"

"ವಾಪಸ್ ತಗೋಬೇಕು. ನಾನು ಬರೀತೀನಿ."

ಸೀರಮ್ಮನ್ನು ಸರಿಪಡಿಸುವ ದಾರಿ ಇತ್ತು. ಕಾಯಿಲೆ ಇಲ್ಲದ ಹುಳಗಳನ್ನು ಅರೆದು, ಒಣಗಿಸಿ, ಪುಡಿ ಮಾಡಿ ಸೀರಮ್ಮಿಗೆ ಬೆರೆಸಿದರೆ, ಹುಳಕ್ಕೆ ಅಂಟುವ ಆಂಟಿಬಾಡಿಗಳೆಲ್ಲ ಆ ಪುಡಿಗೆ ಅಂಟಿಕೊಳ್ಳುತ್ತವೆ. ಪುಡಿಯನ್ನು ತೆಗೆದುಹಾಕಿದರೆ ವೈರಸ್ಸಿಗೆ ಅಂಟುವವು ಮಾತ್ರ ಉಳಿಯುತ್ತವೆ. ಅದಕ್ಕೆ ಇನ್ನೂರಾದರೂ ಒಳ್ಳೆಯ ಹುಳ ಬೇಕಿತ್ತು. ಕೆಂಗೇರಿಯಿಂದ ಒಳಕ್ಕೆ ಎರಡು ಮೈಲಿಯ ಒಂದು ಹಳ್ಳಿಯಲ್ಲಿ ಹುಳ ಸಾಕುವ ಹೆಂಗಸೊಬ್ಬರಿದ್ದಾರೆ, ಅವರ ಮನೆಯಲ್ಲಿ ಕಾಯಿಲೆ ಬೀಳುವುದು ಕಡಿಮೆ, ಹೋಗಿ ಕೇಳು ಅಂತ ಸಾರ್ ಕಳಿಸಿದರು.

ಆ ಹೆಂಗಸಿಗೆ ನಲವತ್ತರ ಹತ್ತಿರ ವಯಸ್ಸಿರಬೇಕು. ಗಂಡ ಹಿಪ್ಪುನೇರಳೆ ತೋಟ ನೋಡಿಕೊಳ್ಳುತ್ತಿದ್ದರು, ಹುಳದ ಮನೆ ಪೂರ್ತಿ ಇವರ ಕೈಯಲ್ಲಿ. ನಾನು ಅಕ್ಕ ಅಂತ ಕರೆದೆ. ಬಂದ ಕಾರಣ ಕೇಳಿಕೊಂಡು, ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಸ್ನಾನ ಮಾಡ್ಕೊಂಡು ಬಂದಿದೀಯಾ?"

"ಹೂಂ ಅಕ್ಕ."

"ಕೈಕಾಲು ತೊಳ್ಕೊ. ಚಪ್ಲಿ ಅಲ್ಲೇ ಬಿಡು."

ಹೊಸ್ತಿಲಲ್ಲಿ ಸುಣ್ಣದ ಪುಡಿ ಹರಡಿದ್ದರು. ಅದರ ಮೇಲೆ ಕಾಲಿಟ್ಟು ಒಳಗೆ ಹೋದೆ. ಗೂಟದ ಅಟ್ಟಣೆಯ ಮೇಲೆ ಒಂದರ ಮೇಲೊಂದು ಬಿದಿರು ತಟ್ಟೆಗಳು. ಹುಳಗಳು ಮೂರನೇ ಜ್ವರ ಎದ್ದು ಎರಡು ದಿನವಾಗಿತ್ತು. ಹುಳ ಪೊರೆ ಬಿಡುವ ಮೊದಲು ತಿನ್ನದೆ ಮಲಗುವುದನ್ನು ಅಲ್ಲಿ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ಕಳೆದರೆ ಗೂಡು ಕಟ್ಟುವ ದಿನ ಹತ್ತಿರ. ಒಳಗೆ ಸೊಪ್ಪು ತಿನ್ನುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

"ಇನ್ನೂರು ಹುಳ ತಗೊಂಡೋಗಿ ಏನ್ ಮಾಡ್ತೀಯ?"

"ಅರೀತೀವಿ ಅಕ್ಕ."

ಅವರು ಒಂದು ತಟ್ಟೆ ಎಳೆದು ಹುಳಗಳನ್ನು ನೋಡಿದರು. ಆಮೇಲೆ "ಹಿಂದೆ ಬಿದ್ದಿರೋ ಹುಳ ಕೊಡ್ತೀನಿ, ಅವು ಹೆಂಗೂ ಗೂಡು ಕಟ್ಟಲ್ಲ" ಅಂದರು. ನನಗೆ ಒಳ್ಳೆಯವೇ ಬೇಕು ಅಂದೆ. ಯಾಕೆ ಅಂತ ವಿವರಿಸಿದೆ. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಕಿಟಕಿ ಪಕ್ಕದ ತಟ್ಟೆ ತೋರಿಸಿ "ಅದರಿಂದ ತಗೋ" ಅಂದರು.

ನಾನು ಲ್ಯಾಬಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತಂದಿದ್ದೆ. ಅದನ್ನು ತಟ್ಟೆಯ ಅಂಚಿನ ಮೇಲಿಟ್ಟು ಹುಳಗಳನ್ನು ಎತ್ತಿ ಹಾಕಿದೆ. ಅವರು ಮನಸ್ಸಿನಲ್ಲೇ ಎಣಿಸುತ್ತಿದ್ದರು ಅಂತ ಕಾಣುತ್ತದೆ. "ಜಾಸ್ತಿ ಆಯ್ತು ಕಣವ್ವ, ಹತ್ತಿಪ್ಪತ್ತು ವಾಪಸ್ ಬಿಡು" ಅಂದರು. ಡಬ್ಬಿಯಿಂದ ಒಂದು ಹಿಡಿ ಹುಳ ತೆಗೆದು ಮತ್ತೆ ತಟ್ಟೆಗೆ ಬಿಟ್ಟೆ. ಆಗ ಅದರಲ್ಲಿ ನನಗೆ ಏನೂ ವಿಶೇಷ ಕಾಣಲಿಲ್ಲ.

ಪುಡಿ ಮಾಡುವುದು, ಬೆರೆಸುವುದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತೆಗೆಯುವುದು, ಇಷ್ಟಕ್ಕೆ ಐದು ದಿನ ಹಿಡಿಯಿತು. ಆರನೇ ದಿನ ಮತ್ತೆ ಅವರ ಮನೆಗೆ ಹೋಗಿ, ಅದೇ ಕಿಟಕಿ ಪಕ್ಕದ ತಟ್ಟೆಯಿಂದ ಇಪ್ಪತ್ತು ಹುಳ ತಂದೆ. ಇವು ಕಾಯಿಲೆ ಇಲ್ಲದವು, ಹೊಳೆಯಬಾರದು, ಹೊಳೆಯದಿದ್ದರೆ ಸೀರಮ್ ಸರಿಹೋಗಿದೆ ಅಂತ ಲೆಕ್ಕ. ಜೊತೆಗೆ ಲ್ಯಾಬಿನ ಕಾಯಿಲೆ ಹುಳಗಳನ್ನೂ ಇಟ್ಟೆ.

ಕಾಯಿಲೆ ಹುಳಗಳಲ್ಲಿ ಕೋಶದ ನಡುವಿನ ಕೇಂದ್ರ ಮಾತ್ರ ಹಸಿರಾಗಿತ್ತು. ಸುತ್ತಲೂ ಕಪ್ಪು. ನಾನು ಮೊದಲು ನೋಡಿ ಹಿಗ್ಗಿದ್ದ ಚಿತ್ರಕ್ಕೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಇದು ಚಿಕ್ಕದು, ಮಂಕು, ಆದರೆ ಅಂಚು ಸ್ಪಷ್ಟ. ಅಕ್ಕನ ಹುಳಗಳ ಸ್ಲೈಡುಗಳು ಒಂದಾದ ಮೇಲೊಂದು ಕಪ್ಪಾಗಿ ಬಂದವು. ಒಂಬತ್ತನೆಯದರಲ್ಲಿ ಕೇಂದ್ರಗಳು ಹಸಿರಾಗಿದ್ದವು. ಆಮೇಲೆ ಇನ್ನೂ ಎರಡರಲ್ಲಿ. ಇಪ್ಪತ್ತರಲ್ಲಿ ಮೂರು.

ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಆ ಮೂರು ಹುಳಗಳ ರಕ್ತ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಹುಳಗಳೂ ಗಟ್ಟಿಮುಟ್ಟಾಗಿದ್ದವು.

ಸಾರ್ ನೋಡಿದರು. "ಇನ್ನೊಂದು ಸಲ ಮಾಡು" ಅಂದರು. ಮಾರನೇ ದಿನ ಮತ್ತೆ ಮಾಡಿದೆ. ಅವೇ ಮೂರು.

"ಅವರಿಗೆ ಹೇಳಬೇಕಲ್ವಾ ಸಾರ್?"

"ಏನಂತ ಹೇಳ್ತೀಯ? ಹೋದ ತಿಂಗಳು ಎಲ್ಲಾ ಹುಳಾನೂ ಹೊಳೀತಾ ಇತ್ತು. ಈಗ ಮೂರು ಹೊಳೀತಿದೆ. ನಾವು ತಪ್ಪು ಹೇಳಿ ಅವರು ಒಳ್ಳೆ ಹುಳ ಎಸೆದರೆ? ನಾಲ್ಕು ಸಲ ನೋಡೋಣ, ಆಮೇಲೆ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ನಾಲ್ಕು ಸಲ ನೋಡುವ ಹೊತ್ತಿಗೆ ಅಲ್ಲಿ ಬೆಳೆ ಮುಗಿದಿರುತ್ತಿತ್ತು. ಡಬ್ಬಿಯ ವಿಷಯ ನನ್ನ ತಲೆಗೆ ಬಂದದ್ದು ಆ ಮಧ್ಯಾಹ್ನ, ಸಿಂಕಿನ ಹತ್ತಿರ ನಿಂತಾಗ. ಅಂಥ ಡಬ್ಬಿಗಳು ನಮ್ಮಲ್ಲಿ ನಾಲ್ಕಿದ್ದವು. ಅದರಲ್ಲಿ ಕಾಯಿಲೆ ಹುಳಗಳನ್ನೂ ಇಡುತ್ತಿದ್ದೆವು. ನಾನು ಅವತ್ತು ಒಯ್ದಿದ್ದನ್ನು ಬರೀ ನೀರಿನಲ್ಲಿ ತೊಳೆದಿದ್ದೆ. ಅದರಿಂದ ತೆಗೆದ ಒಂದು ಹಿಡಿ ಹುಳವನ್ನು ಅವರ ತಟ್ಟೆಗೆ ವಾಪಸ್ ಬಿಟ್ಟಿದ್ದೆ. ಸಾರ್‌ಗೆ ಹೇಳದೆ ಸಂಜೆಗೆ ಮೊದಲೇ ಹೊರಟೆ.

ಅಕ್ಕ ಅಂಗಳದಲ್ಲಿ ಸೊಪ್ಪು ಹೆಚ್ಚುತ್ತಿದ್ದರು. ಅವರ ಎದುರು ನಿಂತು, ನಿಮ್ಮ ಕಿಟಕಿ ಪಕ್ಕದ ತಟ್ಟೆಯಲ್ಲಿ ಹಾಲುತೊಂಡೆ ಇದೆ ಅಂತ ನಮ್ಮ ಪರೀಕ್ಷೆಯಲ್ಲಿ ಕಂಡಿತು ಅಂದೆ. ಡಬ್ಬಿಯ ವಿಷಯ ಹೇಳಬೇಕು ಅಂತಲೇ ಬಂದಿದ್ದೆ, ಬಾಯಿ ಬರಲಿಲ್ಲ.

ಅವರು ಕುಡುಗೋಲು ಕೆಳಗಿಟ್ಟರು. ಒಳಗೆ ಹೋಗಿ ತಟ್ಟೆ ನೋಡಿ ಬಂದರು.

"ಒಂದೂ ಹಾಲುಹುಳ ಇಲ್ಲ. ಎಲ್ಲಾ ಚೆಂದಾಗಿ ತಿಂತಾ ಅವೆ."

"ಇನ್ನೂ ಕಾಣಲ್ಲ ಅಕ್ಕ. ಒಳಗಿದೆ."

"ಆ ತಟ್ಟೆ ಹುಳ ಈಗ ಮೂರು ತಟ್ಟೆ ಆಗಿದೆ. ಜ್ವರ ಎದ್ಮೇಲೆ ಹಂಚಿದೀನಿ. ಮೂರೂ ತೆಗೀಬೇಕಾ?"

ತೆಗೆಯಿರಿ ಅಂತ ಹೇಳುವ ಧೈರ್ಯ ನನಗಿರಲಿಲ್ಲ. ತೆಗೆಯಬೇಡಿ ಅಂತಲೂ ಹೇಳಲಾಗಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ನಾಳೆ ನಾನೇ ನಿಮ್ಮಲ್ಲಿಗೆ ಹುಳ ತತ್ತೀನಿ," ಅಂದರು. "ನೋಡಿ ಹೇಳು."

ಮಾರನೇ ದಿನ ನಾನು ಲ್ಯಾಬಿಗೆ ಹೋಗುವ ಮೊದಲೇ ಅವರು ಬಂದು ಜಗುಲಿಯ ಮೇಲೆ ಕೂತಿದ್ದರು. ಮಡಿಲಲ್ಲಿ ಒಂದು ಬಟ್ಟೆ ಚೀಲ. ಅದರಿಂದ ಹಿಪ್ಪುನೇರಳೆ ಎಲೆ ಸುತ್ತಿ ಹಳೇ ಪೇಪರಿನಲ್ಲಿ ಕಟ್ಟಿದ ಆರು ಪೊಟ್ಟಣ ತೆಗೆದಿಟ್ಟರು. ಪ್ರತಿಯೊಂದಕ್ಕೂ ದಾರ ಸುತ್ತಿದ್ದರು. ಒಂದರ ದಾರಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು, ಹೀಗೆ ಆರರವರೆಗೆ.

"ಯಾವ್ದು ಯಾವ ತಟ್ಟೇದು ಅಕ್ಕ?"

"ಅದನ್ನ ಹೇಳಿದ್ಮೇಲೆ ನೀನು ನೋಡೋದೇನು?"

ಸಾರ್ ಅಷ್ಟರಲ್ಲಿ ಬಂದರು. ಹಿಂದಿನ ಸಂಜೆ ನಾನು ಹೋಗಿ ಹೇಳಿದ್ದು ಆಗಲೇ ಅವರಿಗೆ ತಿಳಿದದ್ದು. ನನ್ನ ಕಡೆ ಒಮ್ಮೆ ನೋಡಿದರು. ಅಕ್ಕನಿಗೆ ನಮಸ್ಕಾರ ಹೇಳಿ, ಪೊಟ್ಟಣಗಳ ದಾರ ನೋಡಿ, "ಶುರು ಮಾಡು" ಅಂದರು.

ಪೊಟ್ಟಣಕ್ಕೆ ಐದು ಹುಳ. ಪ್ರತಿ ಹುಳದ ಹಿಂಗಾಲಿನ ತುದಿ ಕತ್ತರಿಸಿ ಒಂದು ಹನಿ ರಕ್ತ ತೆಗೆದು ಸವರಿದೆ. ಒಣಗಿಸಿ, ಅಸಿಟೋನಿನಲ್ಲಿ ಅದ್ದಿ, ಸೀರಮ್ ಹಾಕಿ, ಒದ್ದೆ ಹತ್ತಿ ಹಾಸಿದ ಪೆಟ್ಟಿಗೆಯಲ್ಲಿಟ್ಟೆ. ಒಂದು ಗಂಟೆ. ಮೂರು ಸಲ ತೊಳೆದು ಬಣ್ಣದ ಆಂಟಿಬಾಡಿ ಹಾಕಿದೆ. ಇನ್ನೊಂದು ಗಂಟೆ. ಅಕ್ಕ ಜಗುಲಿ ಬಿಟ್ಟು ಏಳಲಿಲ್ಲ. ಊಟ ಕೊಟ್ಟರೆ ಬೇಡ ಅಂದರು, ಕಾಫಿ ಕುಡಿದರು. ಮೊದಲ ಹತ್ತು ಸ್ಲೈಡು ನೋಡುವಷ್ಟರಲ್ಲಿ ಕರೆಂಟ್ ಹೋಯಿತು. ಸೂಕ್ಷ್ಮದರ್ಶಕದ ದೀಪ ಒಮ್ಮೆ ಆರಿದರೆ ತಣ್ಣಗಾಗುವ ತನಕ ಮತ್ತೆ ಹಚ್ಚುವಂತಿಲ್ಲ. ಕರೆಂಟ್ ಬಂದ ಮೇಲೂ ಅರ್ಧ ಗಂಟೆ ಕತ್ತಲೆಯಲ್ಲಿ ಸುಮ್ಮನೆ ಕೂತೆ. ತಪ್ಪಾಗಲಿ ಅಂತಲೂ, ಸರಿಯಾಗಲಿ ಅಂತಲೂ ಎರಡೂ ಅನಿಸುತ್ತಿತ್ತು. ನನ್ನ ಪರೀಕ್ಷೆ ತಪ್ಪಾದರೆ ಅವರ ಹುಳ ಉಳಿಯುತ್ತವೆ.

ಎಲ್ಲ ನೋಡಿ ಮುಗಿಸಿ, ಕಾಗದದಲ್ಲಿ ಬರೆದುಕೊಂಡು ಹೊರಗೆ ಬಂದೆ.

"ಎರಡು ಗಂಟಿನದರಲ್ಲಿ ಇದೆ. ಐದು ಗಂಟಿನದರಲ್ಲಿ ಜಾಸ್ತಿ ಇದೆ. ಉಳಿದ ನಾಲ್ಕರಲ್ಲಿ ಇಲ್ಲ."

ಅಕ್ಕ ಕೈ ಚಾಚಿದರು. ಕಾಗದವನ್ನು ತಿರುಗಿಸಿ ನೋಡಿದರು. ಅವರಿಗೆ ಓದಲು ಬರುತ್ತಿರಲಿಲ್ಲ.

"ಎರಡು ಕಿಟಕಿ ಪಕ್ಕದ್ದು," ಅಂದರು. "ಮೂರು ಗಂಟಿಂದೂ ಆ ತಟ್ಟೆಯಿಂದ ಹಂಚಿದ್ದೇ, ಅದರಲ್ಲಿಲ್ಲ ಅಂತೀಯ. ಒಂದು, ನಾಕು, ಆರು ಗೋಡೆ ಕಡೆಯವು."

"ಐದು?"

"ಐದು ನಮ್ಮ ಹುಳ ಅಲ್ಲ. ನಮ್ಮ ಮೈದುನನ ಮನೇದು. ಅಲ್ಲಿ ಮೊನ್ನೆಯಿಂದ ಹಾಲುಹುಳ ಬೀಳ್ತಾ ಅವೆ. ಚೆನ್ನಾಗಿ ಕಾಣೋವನ್ನೇ ಆರಿಸಿ ಕೇಳಿ ಇಸ್ಕೊಂಡು ಬಂದೆ. ನಿನಗೆ ಗೊತ್ತಾಗುತ್ತಾ ನೋಡೋಣ ಅಂತ."

ಸಾರ್ ಬಾಗಿಲಲ್ಲಿ ನಿಂತಿದ್ದರು. ಒಳಗೆ ಹೋಗಿ ತಮ್ಮ ನೋಟ್‌ಬುಕ್ ತಂದು, "ಅಮ್ಮ, ಇನ್ನೊಂದು ಸಲ ಹೇಳಿ" ಅಂತ ಪಕ್ಕದಲ್ಲಿ ಕೂತು ಬರೆದುಕೊಂಡರು.

ಅಕ್ಕ ತಾವೂ ನೋಡಬೇಕು ಅಂದರು. ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ, ಸ್ಟೂಲಿನ ಮೇಲೆ ಕೂರಿಸಿ, ಐದು ಗಂಟಿನ ಸ್ಲೈಡಿಟ್ಟೆ. ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಹಸ್ರು ಚುಕ್ಕಿ. ಅದೇನಾ?"

"ಅದೇ."

"ಇದಕ್ಕೆ ಔಷಧಿ ಐತಾ?"

"ಇಲ್ಲ ಅಕ್ಕ."

"ಮತ್ತೆ ನೋಡಿ ಏನ್ ಮಾಡೋದು?"

ಯಾವ ತಟ್ಟೆ ತೆಗೆಯಬೇಕು ಅಂತ ಗೊತ್ತಾಗುತ್ತೆ ಅಂದೆ. ಅವರು ಮತ್ತೆ ಕಣ್ಣಿಟ್ಟರು. ಅಷ್ಟರಲ್ಲಿ ಬೆಳಕು ಬಿದ್ದ ಜಾಗದ ಬಣ್ಣ ಮಾಸುತ್ತಾ ಬಂದಿತ್ತು, "ಆರೋಯ್ತಾ ಐತೆ" ಅಂದರು. ಆ ಕೋಣೆಯಲ್ಲಿ ಮುಖ ಕಾಣುತ್ತಿರಲಿಲ್ಲ. ನಾನು ಡಬ್ಬಿಯ ವಿಷಯ ಹೇಳಿದೆ. ಅದರಲ್ಲಿ ಏನಿಡುತ್ತಿದ್ದೆವು, ಹೇಗೆ ತೊಳೆದೆ, ಹುಳ ವಾಪಸ್ ಬಿಟ್ಟದ್ದು, ಎಲ್ಲವನ್ನೂ.

ಅವರು ಸ್ಟೂಲಿನ ಮೇಲೆ ನನ್ನ ಕಡೆ ತಿರುಗಿದರು.

"ಮೈದುನನ ಹೆಂಡ್ತಿ ದಿನಾ ನಮ್ಮನೆಗೆ ಬತ್ತಾಳೆ," ಅಂದರು ಆಮೇಲೆ. "ನಿನ್ನ ಡಬ್ಬಿನೋ ಅವಳ ಕಾಲೋ, ಯಾರಿಗ್ಗೊತ್ತು. ಇಬ್ಬರನ್ನೂ ಒಳಕ್ಕೆ ಬಿಟ್ಟೋಳು ನಾನು." ಎದ್ದು ನಿಂತು, "ಇನ್ಮೇಲೆ ನೀನು ಹೊರಗೇ ನಿಲ್ಲು" ಅಂದರು.

ಅವತ್ತು ಸಂಜೆ ಅವರು ಕಿಟಕಿ ಪಕ್ಕದ ಮೂರು ತಟ್ಟೆಯ ಹುಳಗಳನ್ನೂ ತೋಟದಾಚೆ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದರಂತೆ. ಮೂರನೆಯ ಪೊಟ್ಟಣದಲ್ಲಿ ಇಲ್ಲ ಅಂತ ನಾನು ಹೇಳಿದ್ದರೂ ಆ ತಟ್ಟೆಯನ್ನೂ ಬಿಡಲಿಲ್ಲ. ಅಕ್ಕನ ಅತ್ತೆ ಎರಡು ದಿನ ಮಾತು ಬಿಟ್ಟಿದ್ದರು ಅಂತ ಆಮೇಲೆ ಗೊತ್ತಾಯಿತು. ಚೆನ್ನಾಗಿ ತಿನ್ನುತ್ತಿರುವ ಹುಳವನ್ನು ಮಣ್ಣು ಮಾಡುವುದು ಆ ಮನೆಯಲ್ಲಿ ಹಿಂದೆಂದೂ ಆಗಿರಲಿಲ್ಲ.

ಎಂಟು ಹತ್ತು ದಿನ ಬಿಟ್ಟು ನಾನೂ ಸಾರೂ ಹೋದೆವು. ಬಾಗಿಲ ಹೊರಗೇ ನಿಂತೆವು. ಅಂಗಳದಲ್ಲಿ ಹುಳ ಗೂಡು ಕಟ್ಟುವ ಬಿದಿರು ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ ಗೂಡು ಬಿಡಿಸುತ್ತಿದ್ದರು, ತಿಳಿ ಹಳದಿ ಗೂಡುಗಳು. ಕೆಲವು ಹಾಲುಹುಳ ಬಿದ್ದವು, ಆದರೆ ಬೆಳೆ ಉಳಿಯಿತು ಅಂತ ಅವರ ಗಂಡ ಹೇಳಿದರು. ಮೈದುನನ ಮನೆಯಲ್ಲಿ ಮುಕ್ಕಾಲು ಭಾಗ ಹೋಗಿತ್ತು. ನಮ್ಮ ಪರೀಕ್ಷೆಯಿಂದಲೇ ಉಳಿಯಿತು ಅಂತ ಹೇಳಲು ನನಗೆ ಆಗುವುದಿಲ್ಲ. ಅವರ ಸುಣ್ಣ, ಅವರ ಶುಚಿ ಮೊದಲಿಂದಲೂ ಇದ್ದವು. ಆದರೆ ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ಬಹಳ ದಿನದ ಮೇಲೆ ನನಗೆ ಹಸಿವಾಯಿತು.

ಹೊರಡುವ ಮೊದಲು ಸಾರ್ ಅಕ್ಕನನ್ನು ಕೇಳಿದ್ದರು, ಮುಂದಿನ ಬೆಳೆಗೆ ನಮಗೆ ಇನ್ನೊಂದಷ್ಟು ಪೊಟ್ಟಣ ಹಾಗೇ ಕಟ್ಟಿಕೊಡ್ತೀರಾ ಅಂತ. ಅವರು ಒಪ್ಪಿದರು. ಆ ಸಲ ಮೂವತ್ತು ಪೊಟ್ಟಣ ಕಟ್ಟಿದರು, ಕೆಲವು ತಮ್ಮ ಮನೆಯವು, ಕೆಲವು ಊರಿನ ಬೇರೆ ಮನೆಗಳವು. ಗಂಟು ಹೆಚ್ಚಾಗಿ ಎಣಿಸುವುದು ಕಷ್ಟವಾಗುತ್ತದೆ ಅಂತ ಬಣ್ಣದ ದಾರ ಬಳಸಿದರು. ಗೂಡು ಕಟ್ಟುವ ತನಕ ಯಾವ ಮನೆಯಲ್ಲಿ ಏನಾಯಿತು ಅಂತ ನೆನಪಿಟ್ಟುಕೊಂಡು, ಒಂದು ಭಾನುವಾರ ನಮ್ಮ ಆರ್‌ಪಿಸಿ ಲೇಔಟ್ ಮನೆಗೇ ಬಂದು ಅಮ್ಮನ ಮುಂದೆ ಕೂತು ಒಂದೊಂದಾಗಿ ಹೇಳಿದರು. ನಾನು ಬರೆದಿಟ್ಟದ್ದರ ಜೊತೆ ಹೋಲಿಸಿದೆ. ಎರಡು ಕಡೆ ನನ್ನದು ತಪ್ಪಾಗಿತ್ತು.

ಸೋಮವಾರ ಆ ಎರಡು ಪೊಟ್ಟಣದ ಸ್ಲೈಡುಗಳನ್ನು ಪೆಟ್ಟಿಗೆಯಿಂದ ತೆಗೆದು ಮತ್ತೆ ನೋಡಿದೆ. ಒಂದರಲ್ಲಿ ಕೋಶಗಳೇ ಗಾಜಿಗೆ ಸರಿಯಾಗಿ ಅಂಟಿರಲಿಲ್ಲ, ತೊಳೆಯುವಾಗ ಹೋಗಿದ್ದವು. ಇನ್ನೊಂದು ಯಾಕೆ ತಪ್ಪಿತು ಅಂತ ಗೊತ್ತಾಗಲಿಲ್ಲ. ಪ್ರಬಂಧದಲ್ಲಿ ಹಾಗೇ ಬರೆದೆ.